ನೇಮತ್ ಮೇಷ್ಟ್ರು ಕಚ್ಚದೆ ಹೋದ ರೊಟ್ಟಿ

ತಾಷ್ಕೆಂಟಿನಲ್ಲಿ ಎಲ್ಲಿ ನೋಡಿದರೂ ಬಿಳಿ ಕಾರುಗಳೇ. ಹಾಗಾಗಿ ಮಸ್ತೂರಾ ಮೊದಲು ಹತ್ತಿ ಕೂತದ್ದು ಔಷಧಿ ಅಂಗಡಿಯ ಮುಂದೆ ನಿಂತಿದ್ದ ಯಾರದೋ ಕಾರಿನಲ್ಲಿ. ಅದರ ಯಜಮಾನಿ ಬಂದು ಇಳಿಸಿದ ಮೇಲೆಯೇ, ಆ್ಯಪಿನಲ್ಲಿ ಕರೆಸಿದ ಕಾರು ಹಿಂದೆ ಹಾರನ್ ಹೊಡೆಯುತ್ತ ನಿಂತಿರುವುದು ಅವಳಿಗೆ ಕಂಡಿತು.

"ಏರ್‌ಪೋರ್ಟ್ ತಾನೇ, ಬುವಿ? ಸಾಮಾನೆಲ್ಲಿ?" ಎಂದ ಚಾಲಕ ಎಲ್ಯೋರ್. ತನ್ನ ಅಜ್ಜಿಯನ್ನೂ ಅವನು ಬುವಿ ಎಂದೇ ಕರೆಯುತ್ತಿದ್ದ.

"ಇಷ್ಟೇ ಸಾಮಾನು. ರೊಟ್ಟಿ."

"ವಿಮಾನದಲ್ಲಿ ಊಟ ಕೊಡ್ತಾರಲ್ಲ."

"ಹೋಗ್ತಿರೋದು ನಾನಲ್ಲಪ್ಪ, ನಮ್ಮ ಮೇಷ್ಟ್ರು. ಒಂದು ತುತ್ತೂ ಕಚ್ಚದೆ ಹೊರಟುಹೋದ್ರು."

ಅದನ್ನು ಕೇಳಿದ್ದೇ ಎಲ್ಯೋರ್ ಕಾರು ಓಡಿಸಿದ. ಅವನು ಸೈನ್ಯಕ್ಕೆ ಹೊರಟಾಗ ಕಚ್ಚಿದ ರೊಟ್ಟಿ, ತಿರುಗಿ ಬಂದು ಉಳಿದದ್ದನ್ನು ತಿನ್ನುವವರೆಗೆ, ಅಮ್ಮನ ಅಡುಗೆಮನೆಯ ಮೊಳೆಗೆ ವರ್ಷವಿಡೀ ನೇತುಬಿದ್ದಿತ್ತು. ಕಚ್ಚಿಟ್ಟ ರೊಟ್ಟಿ ಹೋದವರನ್ನು ಮನೆಗೆ ತಿರುಗಿ ಕರೆತರುತ್ತದೆಂದು ಅಲ್ಲಿನವರ ನಂಬಿಕೆ.

ಮೂವತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದ, ಮಸ್ತೂರಾಳ ಗಂಡ ನೇಮತ್ ಮೇಷ್ಟ್ರು ಹೃದಯದ ಆಪರೇಷನ್ನಿಗೆ ಇಸ್ತಾಂಬುಲಿಗೆ ಹೊರಟಿದ್ದರು. ಅಲ್ಲಿ ಮಗಳಿದ್ದಳು. ಡಾಕ್ಟರು ಮಾತ್ರ ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ಬೆಳಿಗ್ಗೆ ಮಸ್ತೂರಾ ರೊಟ್ಟಿ ಹಿಡಿದು ಮುಂದೆ ನಿಂತರೆ ಈ ಮನುಷ್ಯ, "ನನ್ನ ಹೃದಯಕ್ಕೂ ನಿನ್ನ ಹಿಟ್ಟಿಗೂ ಏನೇ ಸಂಬಂಧ?" ಎಂದು ಪಾಠ ಶುರುಮಾಡಿದರು. ಅವಳಿಗೆ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ಹೋಗಿ, ಬರಲೇಬೇಡಿ" ಎಂದವಳೇ ಅಂಗಳಕ್ಕೆ ಹೋಗಿ, ಆಗಲೇ ಗುಡಿಸಿದ್ದ ನೆಲವನ್ನು ಮತ್ತೆ ಗುಡಿಸಿದಳು. ಅವರ ಕಾರು ಬಂದಾಗಲೂ ತಲೆ ಎತ್ತಲಿಲ್ಲ.

ಕಾರು ತಿರುವು ದಾಟಿದ ಮೇಲೆ ಪೊರಕೆ ಬಿಸಾಡಿ ಒಳಗೆ ಓಡಿದಳು. ನನ್ನ ಬಾಯಿಗಿಷ್ಟು ಮಣ್ಣು ಹಾಕ, ಎಂಥ ಮಾತಾಡಿಬಿಟ್ಟೆ. ಅಡುಗೆಮನೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ರೊಟ್ಟಿಯನ್ನು ಬಟ್ಟೆ ಸಮೇತ ಗಂಟು ಕಟ್ಟಿಕೊಂಡು ಹೊರಟಿದ್ದಳು.

"ಇನ್ನೂ ಜೋರಾಗಿ ಓಡಿಸು," ಎಂದಳು ಈಗ. "ಇಲ್ಲಾಂದ್ರೆ ಒಂದೇ ಸ್ಟಾರ್ ಕೊಡ್ತೀನಿ. ಕಾರು ಕರೆಸೋದು ಬಿಟ್ರೆ ಈ ಫೋನಲ್ಲಿ ನಮ್ಮ ಮೊಮ್ಮಗಳು ಕಲಿಸಿಕೊಟ್ಟಿರೋದು ಅದೊಂದನ್ನೇ."

"ಕೆಂಪು ದೀಪ ಇದೆ ಬುವಿ."

"ಅದಕ್ಕೂ ಒಂದೇ ಸ್ಟಾರ್."

ಟಿಕೆಟ್ ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಪುಣ್ಯಕ್ಕೆ ಮೇಷ್ಟ್ರು ಇನ್ನೂ ಬಾಗಿಲ ಹೊರಗಿನ ಕ್ಯೂನಲ್ಲೇ ಇದ್ದರು. ಮಸ್ತೂರಾ ಕಂಬಿಯಾಚೆಯಿಂದ ಗಂಟನ್ನು ಅವರ ಮೂಗಿನ ಮುಂದೆ ಹಿಡಿದಳು. ದಾರಿ ತಪ್ಪೀತೆಂದು ಎಲ್ಯೋರನೂ ಹಿಂದೆ ಬಂದಿದ್ದ.

"ಮೇಷ್ಟ್ರೇ, ಕಚ್ಚಿ."

ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗಾಯಿತು ಮೇಷ್ಟ್ರ ಮುಖ. "ಅದನ್ನ ಯಾಕೆ ಇಲ್ಲಿಗೆ ತಂದೆ?"

"ಕಚ್ಚಿ ಅಂದೆ."

"ಬಿಚ್ಚಿ ನೋಡು."

ಬಿಚ್ಚಿದಳು. ರೊಟ್ಟಿಯ ಅಂಚಿನಲ್ಲಿ ಒಂದು ತುತ್ತು ಮಾಯವಾಗಿತ್ತು. ಅವಳು ಎಲ್ಯೋರನ ಕಡೆ ತಿರುಗಿದಳು. "ನೀನು ಕಚ್ಚಿದ್ಯಾ?"

"ಗಂಟು ನಿಮ್ಮ ಮಡಿಲಲ್ಲೇ ಇತ್ತಲ್ಲ ಬುವಿ."

ಆಗ ಕಂಡಿತು. ಕಚ್ಚಿದ ಜಾಗದ ನಟ್ಟನಡುವೆ, ಹಲ್ಲು ತಾಗದೆ ಉಳಿದ ಒಂದು ಚೂರು. ಮೇಷ್ಟ್ರ ಮುಂದಿನ ಹಲ್ಲು ಬಿದ್ದು ನಾಲ್ಕು ವರ್ಷವಾಗಿತ್ತು.

"ನೀನು ಅಂಗಳದಲ್ಲಿದ್ದೆ," ಎಂದರು ಮೇಷ್ಟ್ರು, ಕ್ಯೂನವರಿಗೆ ಕೇಳದಂತೆ. "ನಂಗೆ ಭಯ ಆಯ್ತು ಕಣೇ."

ಮಸ್ತೂರಾಗೆ ಅಳು ಉಕ್ಕಿ ಬಂತು.

"ಈಗ ಅಳ್ತಾ ನಿಲ್ಲಬೇಡ. ರೊಟ್ಟಿ ಮನೇಲಿರಬೇಕು. ಇದು ಇಲ್ಲಿದ್ರೆ ನಾನು ಎಲ್ಲಿಗೆ ವಾಪಸ್ ಬರಲಿ, ಈ ಕ್ಯೂಗಾ?"

ಅಷ್ಟು ಹೊತ್ತು ಕಿವಿಗೊಟ್ಟಿದ್ದ ಹಿಂದಿನ ಹೆಂಗಸು ತಡೆಯಲಾರದೆ, "ಹೋಗಿ ಅಕ್ಕಾ, ವಿಮಾನ ಮೇಲೇಳೋದರೊಳಗೆ ಮೊಳೆಗೆ ಹಾಕಿಬಿಡಿ," ಎಂದಳು. ಅವಳ ಗಂಡನೂ ಹೌದೆಂದು ತಲೆಯಾಡಿಸಿದ. ಇವರೆಲ್ಲ ಸೇರಿ ನಡೆಸುವ ಸಂಸಾರವಾಗಿಬಿಟ್ಟಿತ್ತು ಅದು.

ಎಲ್ಯೋರನ ಫೋನಿಗೆ ಆಗಲೇ ಬೇರೆ ಸವಾರಿ ಬಂದಿತ್ತು, ಸೂಟ್‌ಕೇಸಿನ ಗಿರಾಕಿ, ಒಳ್ಳೆಯ ಬಾಡಿಗೆ. ಅವನು ಅದನ್ನು ರದ್ದು ಮಾಡಿ ಮಸ್ತೂರಾಳಿಗೆ ಬಾಗಿಲು ತೆರೆದ. ಎರಡು ಕಡೆ ಟ್ರಾಫಿಕ್ ಸಿಕ್ಕಿಕೊಂಡಿತು, ಒಂದು ಕಡೆ ರಸ್ತೆ ಅಗೆದಿದ್ದರು. ಇವಳು ರೊಟ್ಟಿಯನ್ನು ಎದೆಗೊತ್ತಿ ಹಿಡಿದು ಗಡಿಯಾರವನ್ನೇ ನೋಡುತ್ತಿದ್ದಳು.

ಮನೆಯಲ್ಲಿ ಅವಳ ಅವಸರಕ್ಕೆ ದಾರ ಗಂಟಿಗೇ ನಿಲ್ಲಲಿಲ್ಲ. ಎಲ್ಯೋರನೇ ರೊಟ್ಟಿಗೆ ದಾರ ಕಟ್ಟಿ, ಸ್ಟೂಲ್ ಹತ್ತಿ ಮೊಳೆಗೆ ಹಾಕಿದ. ಅವನಿನ್ನೂ ಇಳಿದಿರಲಿಲ್ಲ, ಫೋನ್ ಬಡಿದುಕೊಂಡಿತು.

"ಹಾಕಿದ್ಯಾ?" ಎಂದರು ಮೇಷ್ಟ್ರು.

"ಯಾವ ಭೌತಶಾಸ್ತ್ರದಲ್ಲಿ ಬರುತ್ತೆ ಈ ಪ್ರಶ್ನೆ?"

"ಮಸ್ತೂರಾ, ಹಾಕಿದ್ಯಾ ಅಂತ ಕೇಳಿದೆ."

ಆ ಕಡೆಯಿಂದ ಯಾರೋ ಹುಡುಗಿ, ಅಜ್ಜ, ಎಲ್ಲರೂ ಹತ್ತಿದ್ದಾರೆ, ನೀವೊಬ್ಬರೇ ವಿಮಾನದ ಬಾಗಿಲಲ್ಲಿ ನಿಂತಿರೋದು ಎಂದು ಗೋಗರೆಯುವುದು ಕೇಳಿಸಿತು.

"ಹಾಕಿದೆ," ಎಂದಳು ಮಸ್ತೂರಾ.

"ಸರಿ. ಹಾಗಾದ್ರೆ ಹತ್ತುತ್ತೀನಿ."