ಠಾಣೆಯ ಅಂಗಳದ ದಿಬ್ಬ

ಜೀಪಿಗೆ ಆ ಕಪ್ಪು ಪೆಟ್ಟಿಗೆಯನ್ನು ಕೂರಿಸಿ ಹೋದವರು ರಾಜಧಾನಿಯ ಹೆಡ್ಡಾಫೀಸಿನಿಂದ ಬಂದಿದ್ದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಸ್ಟೇರಿಂಗಿನ ಕೆಳಗೆ ಸ್ಕ್ರೂ ಬಿಗಿದು, ತಂತಿಯನ್ನು ಒಳಕ್ಕೆ ತೂರಿಸಿ, ಇನ್ನು ಮೇಲೆ ಗಾಡಿ ಎಲ್ಲಿದೆ, ಎಷ್ಟು ಹೊತ್ತಿನಿಂದ ನಿಂತಿದೆ ಎಂಬುದೆಲ್ಲ ಅಲ್ಲಿನ ದೊಡ್ಡ ಪರದೆಯ ಮೇಲೆ ಕಾಣುತ್ತದೆ ಎಂದು ಹೇಳಿ, ಚಹ ಕುಡಿದು ಹೋದರು. ಪೊಲೀಸ್ ಪಡೆಯನ್ನು ಹೊಸದು ಮಾಡುವ ಕೆಲಸ ದೇಶದ ತುಂಬ ನಡೆದಿತ್ತು. ಬಯಲಿನ ನಡುವೆ ಇದ್ದ ಈ ಸಣ್ಣ ಠಾಣೆಯ ಪಾಲಿಗೆ ಕೆಲವು ವಾಕಿಟಾಕಿ, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಒಂದು ಕಂಪ್ಯೂಟರು, ಮತ್ತು ಈ ಪೆಟ್ಟಿಗೆ ಬಂದವು. ಜೀಪು ಮಾತ್ರ ಹಳೆಯದೇ ಉಳಿಯಿತು.

ಜೀಪಿನ ಕಷ್ಟ ಪೆಟ್ಟಿಗೆ ಕೂರಿಸಿದವರಿಗೆ ಗೊತ್ತಿರಲಿಲ್ಲ. ಅದರ ಸೆಲ್ಫು ಸತ್ತು ಬಹಳ ಕಾಲವಾಗಿತ್ತು. ಕೀಲಿ ತಿರುಗಿಸಿದರೆ ಒಳಗೆ ಸವೆದ ಹಲ್ಲುಗಳು ಗರಗರ ಉಜ್ಜುತ್ತಿದ್ದವೇ ಹೊರತು ಎಂಜಿನ್ ತಿರುಗುತ್ತಿರಲಿಲ್ಲ. ಸಂತೆಬೀದಿಯ ಮೆಕ್ಯಾನಿಕ್ ಗಾಡಿಯಡಿ ಮಲಗಿ ನೋಡಿ, ಆ ಹಲ್ಲಿನ ಚಕ್ರ ಈಗ ಎಲ್ಲೂ ಸಿಗುವುದಿಲ್ಲ, ಇಲಾಖೆಯ ವರ್ಕ್‌ಶಾಪಿಗೇ ಕಳಿಸಬೇಕು ಎಂದಿದ್ದ. ವರ್ಕ್‌ಶಾಪಿಗೆ ಹೋದ ಹಳೆಯ ಗಾಡಿಗಳು ಮರಳಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಪಕ್ಕದ ಠಾಣೆಯವರು ಹಾಗೆ ಕಳಿಸಿ, ಕಳವಾದ ದನ ಹುಡುಕಲು ಬಸ್ಸಿಗೆ ಕಾಯುತ್ತ ನಿಲ್ಲುವಂತಾಗಿತ್ತು. ಅದಕ್ಕೇ ಪ್ರತಿ ಸೋಮವಾರ ವೈರ್‌ಲೆಸ್ಸಿನಲ್ಲಿ ವಾಹನದ ಸ್ಥಿತಿ ಕೇಳಿದಾಗ, ಠಾಣೆಯ ಸಾಹೇಬರು, "ಚೆನ್ನಾಗಿದೆ, ಓವರ್," ಎನ್ನುತ್ತಿದ್ದರು.

ಚೆನ್ನಾಗಿಯೇ ಇತ್ತು, ಇಳಿಜಾರಿನಲ್ಲಿ ನಿಲ್ಲಿಸಿದರೆ. ಕ್ಲಚ್ ಒತ್ತಿ, ಎರಡನೇ ಗೇರಿಗೆ ಹಾಕಿ, ಬ್ರೇಕು ಬಿಟ್ಟರೆ ಗಾಡಿ ತಾನಾಗಿ ಉರುಳುತ್ತಿತ್ತು. ವೇಗ ಬಂದೊಡನೆ ಕ್ಲಚ್ ಬಿಟ್ಟರೆ ಒಮ್ಮೆ ಮುಗ್ಗರಿಸಿ ಎದ್ದು ಓಡುತ್ತಿತ್ತು. ಆದರೆ ಆ ಸೀಮೆಯೆಲ್ಲ ಅಂಗೈಯಂತೆ ಸಪಾಟು. ಇಳಿಜಾರು ಎನ್ನುವುದು ಇದ್ದದ್ದು ಕಾಲುವೆಯ ಸೇತುವೆಯ ಬಳಿ ಮಾತ್ರ. ಆ ಸೇತುವೆಯ ಬುಡದಲ್ಲಿ ಊರಿನ ಮದ್ಯದಂಗಡಿಯೂ ಇತ್ತು.

ಹೀಗಾಗಿ ರಾಜಧಾನಿಯ ಪರದೆಯ ಮೇಲೆ ಠಾಣೆಯ ಜೀಪಿನ ಚುಕ್ಕೆ ದಿನವಿಡೀ ಮದ್ಯದಂಗಡಿಯ ಎದುರು ಕೂತಿರುವುದು ಕಂಡಿತು.

ಹೆಡ್ಡಾಫೀಸಿನಿಂದ ಫೋನ್ ಬಂದಾಗ ಡ್ರೈವರು ಸಾಹೇಬರ ಮೇಜಿನ ಎದುರೇ ನಿಂತಿದ್ದ. ಕಿವಿಗೆ ಹಿಡಿದ ಫೋನಿನ ಆಚೆಯ ದನಿ ಅವನಿಗೂ ಕೇಳಿಸುವಷ್ಟು ಜೋರಾಗಿತ್ತು.

"ಅಲ್ಲಿ ಗಲಾಟೆ ಜಾಸ್ತಿ ಸಾರ್. ನಾನೇ ಕಾವಲಿಗೆ ನಿಲ್ಲಿಸಿದ್ದೆ," ಎಂದರು ಸಾಹೇಬರು.

"ಇಡೀ ದಿನಾನಾ? ಕುಡಿಯೋರಿಗೆ ನೆರಳು ಮಾಡೋಕೆ ಜೀಪು ಕೊಟ್ಟಿಲ್ಲ. ಕೆಲಸ ಇಲ್ಲದಾಗ ಗಾಡಿ ಠಾಣೇಲಿ ಇರಬೇಕು. ಬರೋ ವಾರ ಅಧಿಕಾರಿ ಬಂದು ನೋಡ್ತಾರೆ. ಮತ್ತೆ ಅಲ್ಲೇ ಕಂಡ್ರೆ ನಿಮ್ಮ ಡ್ರೈವರು ರಾಜಧಾನಿ ಬ್ಯಾರಕ್ಕಿಗೆ ಬರ್ತಾನೆ. ಗೇಟು ಕಾಯ್ಲಿ."

ಸಾಹೇಬರು ಫೋನ್ ಇಟ್ಟು ಕನ್ನಡಕ ತೆಗೆದು ಒರೆಸಿದರು. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಆ ಜೀಪಿನ ಕುಲುಕಾಟಕ್ಕೆ ಅವರ ಸೊಂಟ ಕೆಟ್ಟು, ಕುರ್ಚಿಗೆ ದಿಂಬು ಬಂದಿತ್ತು.

"ಕೇಳಿಸ್ತಲ್ಲ," ಎಂದರು.

"ಕೇಳಿಸ್ತು ಸಾರ್."

ಉಳಿದದ್ದನ್ನು ಅವನು ಹೇಳಬೇಕಾಗಿರಲಿಲ್ಲ. ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಡ್ರೈವರನ ತಂದೆ ಮಲಗಿದ್ದರು. ಸೊಂಟದ ಕೆಳಗೆ ಬಲವಿಲ್ಲ. ಹರೆಯದಿಂದಲೂ ಏರಿ ಕಟ್ಟುವ, ಮಣ್ಣು ಹೊರುವ ಕೆಲಸ ಮಾಡಿದ ದೇಹ; ಕಾಲು ಸತ್ತರೂ ತೂಕ ಇಳಿದಿರಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವರನ್ನು ಎತ್ತಿ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತಿತ್ತು. ಡ್ರೈವರನ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಗಿ, ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಅವನು ರಾಜಧಾನಿಯ ಗೇಟು ಕಾಯಲು ಹೋದರೆ ತಂದೆಯನ್ನು ಹೊರಳಿಸುವವರಿಲ್ಲ. ಇದು ಠಾಣೆಯ ಎಲ್ಲರಿಗೂ ಗೊತ್ತಿತ್ತು.

"ಇದ್ದದ್ದು ಹೇಳಿಬಿಡೋಣ ಸಾರ್, ಸೆಲ್ಫು ಹೋಗಿದೆ ಅಂತ," ಎಂದ ಡ್ರೈವರು.

"ಹೇಳಿದ್ರೆ ಗಾಡಿ ಎಳ್ಕೊಂಡು ಹೋಗ್ತಾರೆ. ಗಾಡಿ ಇಲ್ಲದ ಠಾಣೆಗೆ ಡ್ರೈವರ್ ಯಾಕೆ ಅಂತಾರೆ. ಆಗಲೂ ನೀನು ಹೋಗೋನೇ. ಜೊತೆಗೆ ಸೋಮವಾರ ಸೋಮವಾರ ಸುಳ್ಳು ಹೇಳಿದ್ದಕ್ಕೆ ನಾನೂ ಹೋಗ್ತೀನಿ. ಇಬ್ಬರೂ ಒಂದೇ ಗೇಟು ಕಾಯೋಣ."

ಬಾಗಿಲಿಗೆ ಒರಗಿ ನಿಂತಿದ್ದ ಮಹಿಳಾ ಪೇದೆ ನಕ್ಕಳು. ವಯಸ್ಸಿನಲ್ಲಿ ಎಲ್ಲ ಪೇದೆಗಳಿಗಿಂತ ಹಿರಿಯಳಾದ್ದರಿಂದ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು.

"ಗಾಡಿ ಠಾಣೇಲಿ ಇರಬೇಕು ಅಂದ್ರು. ಠಾಣೆ ಸಪಾಟಾಗಿರಬೇಕು ಅಂತೇನಾದ್ರೂ ಅಂದ್ರಾ ಸಾರ್?"

ಸಾಹೇಬರು ತಲೆ ಎತ್ತಿದರು.

"ಕಾಲುವೆ ಹೂಳು ತೆಗೆದು ಏರಿ ಮೇಲೆ ರಾಶಿ ಹಾಕಿದಾರೆ. ಯಾರಿಗೂ ಬೇಡ. ತಂದು ನಮ್ಮ ಅಂಗಳದಲ್ಲೇ ಒಂದು ದಿಬ್ಬ ಮಾಡ್ಕೊಂಡ್ರೆ ಆಯ್ತಪ್ಪ. ಮೂತಿ ಗೇಟಿನ ಕಡೆ ಮಾಡಿ ನಿಲ್ಸೋದು, ಬಿಡೋದು."

"ನಿನ್ನನ್ನ ಎಂಜಿನಿಯರ್ ಮಾಡ್ಬೇಕಿತ್ತು ದೊಡ್ಡಕ್ಕ," ಎಂದ ಡ್ರೈವರು.

"ಪೇದೆ ಮಾಡಿದ್ದಕ್ಕೇ ಮಂಡಿ ನೋವು ಬಂದಿದೆ. ಸಾಕು ಬಿಡಪ್ಪ."

ಸಾಹೇಬರು ಕಿಟಕಿಯಿಂದ ಅಂಗಳವನ್ನೇ ನೋಡುತ್ತ ಕೂತರು. ಸಂಜೆಯಾಗುವ ಹೊತ್ತಿಗೆ ಇಟ್ಟಿಗೆ ಗೂಡಿನವನ ಟ್ರ್ಯಾಕ್ಟರು ಮೊದಲ ಹೊರೆ ಹೂಳನ್ನು ತಂದು ಸುರಿಯಿತು.

ಆ ವಾರವೆಲ್ಲ ಠಾಣೆಯಲ್ಲಿ ನಡೆದದ್ದು ಮಣ್ಣಿನ ಕೆಲಸ. ದೂರು ಕೊಡಲು ಬಂದವರು ಗುದ್ದಲಿ ಹಿಡಿದ ಪೇದೆಗಳನ್ನು ನೋಡಿ, ಯಾರನ್ನು ಹೂಳುತ್ತಿದ್ದಾರೋ ಎಂದು ಗೇಟಿನಲ್ಲೇ ನಿಲ್ಲುತ್ತಿದ್ದರು. ಮೊದಲ ದಿನ ಎಲ್ಲ ಹೂಳನ್ನೂ ಒಟ್ಟಿ ಮೇಲೆ ಜೀಪು ಹತ್ತಿಸಲು ಹೋದಾಗ ಹಿಂದಿನ ಚಕ್ರ ಅಚ್ಚಿನವರೆಗೆ ಹೂತುಹೋಯಿತು. ಎಳೆದು ತೆಗೆಯುವಷ್ಟರಲ್ಲಿ ಎಲ್ಲರ ಖಾಕಿಯೂ ಒಂದೇ ಬಣ್ಣವಾಗಿತ್ತು.

ಡ್ರೈವರು ಮನೆಗೆ ಬಂದು ತಂದೆಯ ಮಗ್ಗುಲು ಬದಲಿಸಿದ. ತಂದೆ ಅವನ ತೋಳಿಗೆ ಮೆತ್ತಿದ್ದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಹೂಳು. ಇದ್ರಲ್ಲಿ ಏನು ಮಾಡ್ತಿದ್ದೀರೋ?"

ಡ್ರೈವರು ಹೇಳಿದ. ವರ್ಗಾವಣೆಯ ಮಾತನ್ನು ಮಾತ್ರ ಬಿಟ್ಟ.

"ಬರೀ ಹೂಳು ಹಾಕಿದ್ರೆ ಅದು ಬೆಣ್ಣೆ ಕಣೋ. ಇಟ್ಟಿಗೆ ಚೂರು ಬೆರೆಸು. ಒಂದೇ ಸಲ ಸುರೀಬೇಡಿ. ಒಂದು ಪದರ ಹಾಕು, ನೀರು ಚಿಮುಕ್ಸು, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡು, ಆಮೇಲೆ ಇನ್ನೊಂದು. ಅಂಚಿಗೆ ಕಲ್ಲು ಕೊಡು." ಬೆರಳಿನ ಮಣ್ಣು ಒರೆಸಿಕೊಂಡು, "ನನ್ನ ಒಯ್ದು ಅಲ್ಲಿ ಕೂರ್ಸಿದ್ರೆ ನಿಂತು ಮಾಡಿಸ್ತಿದ್ದೆ," ಎಂದರು. ನಿಂತು ಎಂದದ್ದು ಅವರ ಗಮನಕ್ಕೆ ಬಂದಂತೆ ಕಾಣಲಿಲ್ಲ.

"ಹೆಂಗಸರ ಬುದ್ಧಿ ಕೇಳಿ ದಿಬ್ಬ ಕಟ್ಟಿದಿರಿ, ಗಂಡಸರ ಬುದ್ಧಿ ಹಾಕಿ ಗಾಡಿ ಹೂತಿರಿ," ಎಂದಳು ಹೆಂಡತಿ ಒಳಗಿನಿಂದ. ಅವಳಿಗೆ ವರ್ಗಾವಣೆಯ ವಿಷಯ ದೊಡ್ಡಕ್ಕನಿಂದ ಆಗಲೇ ತಿಳಿದಿತ್ತು. ಮಾವನ ಎದುರು ಅವಳೂ ಆಡಲಿಲ್ಲ.

ತಂದೆ ಹೇಳಿದಂತೆ ಮಾಡಿದರು. ಎದೆಯೆತ್ತರದ ದಿಬ್ಬ ಎದ್ದಿತು. ಹಿಂದಿನಿಂದ ಹತ್ತಲು ದಾರಿ, ಮುಂದೆ ಗೇಟಿನವರೆಗೆ ಜಾರು. ದೊಡ್ಡಕ್ಕ ಅಂಚಿಗೆ ಹೂವಿನ ಗಿಡ ನೆಟ್ಟಳು. ಯಾರಾದರೂ ಕೇಳಿದರೆ ಉದ್ಯಾನ ಎನ್ನಬಹುದೆಂದು ಅವಳ ಲೆಕ್ಕ. ಪರದೆಯ ಮೇಲಿನ ಚುಕ್ಕೆ ಠಾಣೆಗೆ ಬಂತು.

ಅಧಿಕಾರಿ ಬಂದದ್ದು ಬೆಳಿಗ್ಗೆ, ಬಾಡಿಗೆ ಕಾರಿನಲ್ಲಿ. ಐವತ್ತರ ಆಸುಪಾಸಿನ ಮನುಷ್ಯ, ತೋಳಿನವರೆಗೆ ಧೂಳು, ನಿದ್ದೆಗೆಟ್ಟ ಕಣ್ಣು. ತಿಂಗಳಿನಿಂದ ಠಾಣೆಯಿಂದ ಠಾಣೆಗೆ ತಿರುಗುತ್ತಿದ್ದರಂತೆ. ಕಂಪ್ಯೂಟರಿನ ಪ್ಲಾಸ್ಟಿಕ್ ನೋಡಿದರು. ಹೊರಗೆ ಬಂದು ದಿಬ್ಬವನ್ನೂ ಅದರ ಮೇಲೆ ಮೆರವಣಿಗೆಗೆ ಸಿದ್ಧವಾದಂತೆ ನಿಂತ ಜೀಪನ್ನೂ ನೋಡಿದರು.

"ಇದೇನು?"

"ಉದ್ಯಾನ ಸಾರ್," ಎಂದಳು ದೊಡ್ಡಕ್ಕ.

"ಗಾಡಿ ಯಾಕೆ ಉದ್ಯಾನದ ಮೇಲೆ?"

"ಮಳೆ ಬಂದ್ರೆ ಅಂಗಳದಲ್ಲಿ ನೀರು ನಿಲ್ಲುತ್ತೆ ಸಾರ್," ಎಂದರು ಸಾಹೇಬರು.

ಅಧಿಕಾರಿ ದಿಬ್ಬ ಹತ್ತಿ ಜೀಪಿನ ಮುಂದಿನ ಸೀಟಿನಲ್ಲಿ ಕೂತರು. "ನಡಿ, ಒಂದು ಸುತ್ತು ಹೋಗಿ ಬರೋಣ. ಪೆಟ್ಟಿಗೆ ಕೆಲಸ ಮಾಡುತ್ತಾ ನೋಡ್ತೀನಿ."

ಡ್ರೈವರು ಬ್ರೇಕು ಬಿಟ್ಟ. ಜೀಪು ಸದ್ದಿಲ್ಲದೆ ಜಾರಿತು. ಅವನು ಕ್ಲಚ್ ಬಿಟ್ಟಾಗ ಗಾಡಿ ಮುಗ್ಗರಿಸಿತು, ಕೆಮ್ಮಿತು, ಹೊಗೆ ಉಗುಳಿತು, ಗೇಟಿನ ಬಾಯಿಗೆ ಬಂದು ನಿಂತುಬಿಟ್ಟಿತು. ಹಿಂದಿನ ದಿನ ಪೂರ್ತಿ ಮೋಡ ಕವಿದು, ಎಂಜಿನ್ ತಣ್ಣಗಾಗಿತ್ತು. ಡ್ರೈವರನ ಎರಡೂ ಕೈ ಸ್ಟೇರಿಂಗಿನ ಮೇಲೆ ಹಾಗೆಯೇ ಉಳಿದವು. ಅಷ್ಟರಲ್ಲಿ ಹಿಂದಿನಿಂದ ಒಂದು ನೂಕು ಬಂತು. ದೊಡ್ಡಕ್ಕ, ಇನ್ನಿಬ್ಬರು ಪೇದೆಗಳು, ಕೊನೆಗೆ ಸೊಂಟ ಹಿಡಿದುಕೊಂಡು ಸಾಹೇಬರೂ ಬಂದು ಹೆಗಲು ಕೊಟ್ಟಿದ್ದರು. ರಸ್ತೆಗೆ ಬಿದ್ದ ಮೇಲೆ ಎಂಜಿನ್ ಎದ್ದಿತು.

ಕಾಲುವೆಯ ಸೇತುವೆ ಏರಿದಾಗ ಅಧಿಕಾರಿ ಮದ್ಯದಂಗಡಿಯನ್ನೂ ಇಳಿಜಾರನ್ನೂ ನೋಡಿ, "ಓಹೋ, ಗಾಡಿ ನಿಲ್ತಿದ್ದದ್ದು ಇಲ್ಲೇನೋ," ಎಂದರು.

"ಹೌದು ಸಾರ್."

"ಕುಡೀತೀಯಾ?"

"ಇಲ್ಲ ಸಾರ್. ಕುಡಿದೋರು ನೂಕಿ ಕೊಡ್ತಿದ್ರು."

ಅಧಿಕಾರಿ ಮುಖ ಆಚೆ ತಿರುಗಿಸಿದರು. ಅವರ ಹೆಗಲು ಅಲುಗಿದ್ದನ್ನು ಕಂಡು, ನಗುತ್ತಿದ್ದಾರೆಂದು ಡ್ರೈವರನಿಗೆ ತಿಳಿಯಿತು. "ಮೊನ್ನೆ ನೋಡಿದ ಠಾಣೇಲಿ ಹಳೇ ಬಾಗಿಲುಗಳನ್ನ ಹಾಸಿ ಇಳಿಜಾರು ಮಾಡಿದ್ರು. ನಿಮ್ಮದು ಪರವಾಗಿಲ್ಲ, ಗಟ್ಟಿಯಾಗಿದೆ. ಯಾರು ಕಟ್ಟಿಸಿದ್ದು?"

"ನಮ್ಮಪ್ಪ ಸಾರ್. ಮಲಗಿದ ಕಡೆಯಿಂದಲೇ."

ಹಾಗಂದರೇನೆಂದು ಅಧಿಕಾರಿ ಕೇಳಿದರು, ಅವನು ಹೇಳಿದ. ಈ ಸಲ ಏನನ್ನೂ ಬಿಡಲಿಲ್ಲ.

ಮರಳಿ ಬಂದ ಮೇಲೆ ಅಧಿಕಾರಿ ಸಾಹೇಬರ ಎದುರು ಕೂತು, ಚಹದ ಲೋಟ ಹಿಡಿದೇ ಹೇಳಿದರು. "ನೋಡಿ, ನನಗೆ ಎರಡೇ ಥರ ಬರೆಯೋಕಾಗೋದು. ಕೆಟ್ಟಿದೆ ಅಂದ್ರೆ ಗಾಡಿ ಹೋಗುತ್ತೆ, ಅವನೂ ಹೋಗ್ತಾನೆ, ಆದ್ರೆ ಹೊಸ ಗಾಡಿಗೆ ನಿಮ್ಮ ಸರದಿ ಮುಂದೆ ಬರುತ್ತೆ. ಬರೋ ವರ್ಷ ಬರಬಹುದು. ಚೆನ್ನಾಗಿದೆ ಅಂದ್ರೆ ಯಾರೂ ಹೋಗಲ್ಲ, ಏನೂ ಬರಲ್ಲ. ಚೆನ್ನಾಗಿರೋ ಠಾಣೆಗೆ ಹೊಸದು ಯಾಕೆ ಅಂತಾರೆ. ನಿಮ್ಮ ಸೋಮವಾರದ ಮಾತು ನಾನು ಕೇಳೇ ಇಲ್ಲ ಅಂದ್ಕೊಳ್ಳಿ."

ಸಾಹೇಬರು ಬೆನ್ನಿನ ಹಿಂದಿನ ದಿಂಬನ್ನು ಸರಿಮಾಡಿಕೊಂಡರು. ಹೊಸ ಗಾಡಿಯ ಮೆತ್ತನೆಯ ಸೀಟಿನಲ್ಲಿ ಕೂತು ಒಂದು ವರ್ಷವಾದರೂ ನೌಕರಿ ಮಾಡಬೇಕೆಂದು ಅವರು ಎಷ್ಟೋ ಸಲ ಅಂದದ್ದನ್ನು ಡ್ರೈವರು ಕೇಳಿದ್ದ. ಅವನು ಬಾಗಿಲ ಬಳಿ ನೆಲ ನೋಡುತ್ತ ನಿಂತ.

"ನಂದೇನು ಸಾರ್, ಇನ್ನೆಷ್ಟು ದಿನ," ಎಂದರು ಸಾಹೇಬರು ಕೊನೆಗೆ. "ಚೆನ್ನಾಗಿದೆ ಅಂತಾನೇ ಬರೀರಿ."

"ಖಂಡಿತನಾ?"

"ಬರೀರಿ ಸಾರ್. ಹೇಳಿ ಹೇಳಿ ನಂಗೂ ಅಭ್ಯಾಸ ಆಗಿದೆ."

ಅಧಿಕಾರಿಯ ಕಾರು ಹೋದ ಮೇಲೆ ಡ್ರೈವರು ಸಾಹೇಬರಿಗೆ ಏನಾದರೂ ಹೇಳಬೇಕೆಂದು ನಿಂತ. ಸಾಹೇಬರು ಕೈ ಬೀಸಿ, "ಹೋಗು, ಮಧ್ಯಾಹ್ನ ಆಯ್ತು, ಅಪ್ಪನ್ನ ಹೊರಳಿಸಿ ಬಾ. ಎರಡು ಗಂಟೆಗೆ ಹೊಲದ ಗಡಿ ಜಗಳ ನೋಡೋಕೆ ಹೋಗ್ಬೇಕು. ಜೀಪನ್ನ ಮೇಲೆ ಹತ್ತಿಸಿಟ್ಟು ಹೋಗು," ಎಂದರು.

ಎಂಜಿನ್ ನಿಲ್ಲಿಸದೆ ಬಿಟ್ಟಿದ್ದ ಜೀಪನ್ನು ಅವನು ಹಿಂದಿನಿಂದ ದಿಬ್ಬಕ್ಕೆ ಹತ್ತಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮನೆಗೆ ಹೋದ. ತಂದೆ ಎಚ್ಚರವಾಗಿದ್ದರು. ಹೆಂಡತಿ ಬಾಗಿಲಲ್ಲೇ ಅವನ ಮುಖ ನೋಡಿದಳು.

"ಇಲ್ಲೇ ಇರ್ತೀನಿ," ಎಂದ ಅವನು ಮೆಲ್ಲಗೆ.

"ಹಾಗಾದ್ರೆ ಹಿಡ್ಕೊಳ್ಳಿ," ಎಂದು ಅವಳು ಹಾಸಿಗೆಯ ಬಟ್ಟೆಯನ್ನು ಕೊಡವಿದಳು. ಅವನು ಬಗ್ಗಿ ತಂದೆಯ ಕಂಕುಳ ಕೆಳಗೆ ಕೈ ಹಾಕಿದ. ಬೆನ್ನಿನಲ್ಲಿ ಎಲ್ಲೋ ಚಳುಕೆಂದಿತು. ತಂದೆ ಅವನ ಕುತ್ತಿಗೆಗೆ ತೋಳು ಸುತ್ತಿ, ತಮ್ಮಿಂದಾದಷ್ಟು ಭಾರವನ್ನು ತಾವೇ ಹಿಡಿಯಲು ನೋಡಿದರು.