ದನಿ ಹೋದ ಶನಿವಾರ

ಇರಲಾರದವಳು ಇರುವೆ ಬಿಟ್ಟುಕೊಂಡಳು ಎನ್ನುತ್ತಾರಲ್ಲ, ಆ ಗಾದೆಯನ್ನು ಯಾರಾದರೂ ನನ್ನ ಹಣೆಗೆ ಅಂಟಿಸಿಡಬೇಕಿತ್ತು. ನೆಟ್ಟಗೆ ನಡೆಯುತ್ತಿದ್ದ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಕೂತವಳು ನಾನೇ. ದಿನಾ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಒಂದು ಚೌಕ ಮೇಲೆದ್ದು, ಹಳೆಯದಕ್ಕೆ ಇನ್ನು ರಕ್ಷಣೆ ಇಲ್ಲ, ಈಗಲೇ ಹೊಸದಕ್ಕೆ ಬನ್ನಿ ಎಂದು ಕಸ ಹೀರುವ ಮೆಷಿನ್ ಮಾರಲು ಬಂದವನ ಹಾಗೆ ಪ್ರಾಣ ತಿನ್ನುತ್ತಿತ್ತು. ಆ ಶನಿವಾರ ನನಗೆ ರೇಗಿಹೋಯಿತು. "ಆಯ್ತು, ಹಾಕ್ಕೊಂಡು ಸಾಯಿ" ಎಂದು ಒತ್ತಿಬಿಟ್ಟೆ.

ಬೇರೆಯವರ ಮನೆಯ ಕಂಪ್ಯೂಟರಾಗಿದ್ದರೆ ಹೋದರೆ ನಾಲ್ಕು ಫೋಟೊ ಹೋಗುತ್ತಿತ್ತು. ನಮ್ಮದರಲ್ಲಿ ನನ್ನ ಗಂಡನ ದನಿ ಇತ್ತು.

ಆರ್ವಿಡ್‌ಗೆ ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಪರೇಷನ್ನಿಗೆ ಮುಂಚೆ ಅವನು ಅಡುಗೆಮನೆಯ ಮೇಜಿನ ಮುಂದೆ ವಾರಗಟ್ಟಲೆ ಕೂತು, ಯಾರೋ ಬರೆದುಕೊಟ್ಟ ಪೆದ್ದು ಪೆದ್ದು ವಾಕ್ಯಗಳನ್ನು ಓದಿ ಕಂಪ್ಯೂಟರಿಗೆ ತುಂಬಿಸಿದ. ಅದನ್ನೆಲ್ಲ ಅರೆದು ಒಂದು ಪ್ರೋಗ್ರಾಮು ಅವನದೇ ದನಿಯನ್ನು ಕಟ್ಟಿಕೊಟ್ಟಿತು. ಈಗ ಅವನು ಟೈಪ್ ಮಾಡುತ್ತಾನೆ, ಅದು ಮಾತಾಡುತ್ತದೆ. ಮಿಷಿಗನ್ನಿನ ಈ ಬಡಗಣ ಮೂಲೆಯ ಫಿನ್ನಿಶ್ ಮಂದಿಯ ಎಳೆತ, ಮಾತಿನ ಕೊನೆಗೊಂದು "ಏ" ಸೇರಿಸುವ ಚಟ, ಎಲ್ಲವೂ ಅದರಲ್ಲಿ ಹಾಗೆಯೇ ಉಳಿದಿವೆ. ಆ ಪ್ರೋಗ್ರಾಮು ಮಾಡಿದವರು ಅಂಗಡಿ ಮುಚ್ಚಿಕೊಂಡು ಹೋಗಿ ಬಹಳ ಕಾಲವಾಯಿತು. ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ ಎಂದು ಅವರು ಹೇಳಿಯೇ ಹೋಗಿದ್ದರು. ಮಾಡೋಣ ಬಿಡು ಎಂದು ನಾವು ಪ್ರತಿ ಚಳಿಗಾಲವೂ ಅಂದುಕೊಳ್ಳುತ್ತಿದ್ದೆವು.

ಮಧ್ಯಾಹ್ನದ ಹೊತ್ತಿಗೆ ಹೊಸ ಸಿಸ್ಟಂ ಕೂತಿತು. ನೀಲಿ ಪರದೆಯ ಮೇಲೆ "ಎಲ್ಲವೂ ಸಿದ್ಧವಾಗಿದೆ" ಎಂದು ಬಂತು. ಆರ್ವಿಡ್‌ನ ಪ್ರೋಗ್ರಾಮು ಇದ್ದ ಜಾಗದಲ್ಲಿ ಬರೀ ಒಂದು ಬಿಳಿ ಹಾಳೆಯ ಚಿತ್ರವಿತ್ತು. ಒತ್ತಿದರೆ, ಇದು ಈ ಸಿಸ್ಟಂಗೆ ಹೊಂದುವುದಿಲ್ಲ ಎಂದಿತು.

ಆರ್ವಿಡ್ ಫ್ರಿಜ್ಜಿನ ಮೇಲಿನ ಪುಟ್ಟ ಬಿಳಿ ಬೋರ್ಡು ತೆಗೆದುಕೊಂಡು ಬರೆದ: "ಏನಾಯ್ತು?"

"ಏನೂ ಆಗಿಲ್ಲ, ಕಾಫಿ ಕುಡಿ."

"ಏನೂ ಆಗದಿದ್ರೆ ನಿನ್ನ ಮುಖ ಯಾಕೆ ಹಂಗಿದೆ?" ಎಂದು ಅಳಿಸಿ ಮತ್ತೆ ಬರೆದ.

"ನನ್ನ ಮುಖ ಹುಟ್ಟಿದಾಗಿನಿಂದ ಹಿಂಗೇ ಇದೆ. ಸುಮ್ನಿರು."

ನಾನು ಇಪ್ಪತ್ತು ವರ್ಷ ಇಲ್ಲಿನ ಶಾಲೆಯ ಲೈಬ್ರರಿಯಲ್ಲಿ ಕಂಪ್ಯೂಟರುಗಳ ಕಿವಿ ಹಿಂಡಿದವಳು. ಅಷ್ಟು ಸುಲಭಕ್ಕೆ ಸೋಲುವ ಪೈಕಿಯಲ್ಲ. ಹಳೆಯ ಪ್ರೋಗ್ರಾಮನ್ನು ಮತ್ತೆ ಹುಡುಕಿ ಹಾಕಿದೆ. ಹಳೆಯ ಸಿಸ್ಟಮ್ಮಿನಲ್ಲೇ ಇದ್ದೇನೆಂದು ಅದಕ್ಕೆ ಭ್ರಮೆ ಬರಿಸುವ ಒಂದು ಗುಂಡಿಯಿದೆ, ಅದನ್ನೂ ಒತ್ತಿದೆ. ತೆರೆದುಕೊಂಡಿತು! ಆರ್ವಿಡ್ ಕುರ್ಚಿ ಎಳೆದುಕೊಂಡು ಕೂತು, ಪ್ರತಿ ಶನಿವಾರ ಕೇಳುವ ಪ್ರಶ್ನೆಯನ್ನೇ ಟೈಪ್ ಮಾಡಿದ. ರೂಬೆನ್ ಸೌನಾ ಕಾಯಿಸಿದ್ದಾನಾ? ರೂಬೆನ್ ನನ್ನ ತಮ್ಮ, ಪಕ್ಕದ ಮನೆಯವನು. ನಮ್ಮ ಹಿತ್ತಲಿನ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಒಲೆಗೆ ಸೌದೆ ಹಾಕುವ ಹಕ್ಕನ್ನು ಅವನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಕಂಪ್ಯೂಟರಿನಿಂದ ಬಂದದ್ದು ಯಾವಳೋ ವಿಮಾನ ನಿಲ್ದಾಣದ ಹುಡುಗಿಯ ದನಿ. "ರೂಬೆನ್ ಸಾನಾ ಕಾಯಿಸಿದ್ದಾನಾ?" ಎಂದು ಅವಳು ನಯವಾಗಿ ಕೇಳಿದಳು.

ಸಾನಾ! ನಮ್ಮ ಕಡೆ ಸೌನಾವನ್ನು ಸಾನಾ ಎಂದವರಿಗೆ ಎರಡನೇ ಸಲ ಒಳಗೆ ಕರೆಯಿಲ್ಲ. ಆರ್ವಿಡ್‌ನ ಮುಖ ಕೆಂಪಾಯಿತು. ಬೋರ್ಡಿನ ಮೇಲೆ ಪೆನ್ನು ಒತ್ತಿ ಒತ್ತಿ ಬರೆದ: "ಈ ದನೀಲಿ ಮಾತಾಡೋದಕ್ಕಿಂತ ಮೂಗನಾಗಿ ಸಾಯ್ತೀನಿ."

ತಮಾಷೆಗೆ ಬರೆದದ್ದಲ್ಲ ಎಂದು ನನಗೆ ಗೊತ್ತಿತ್ತು. ಆಪರೇಷನ್ ಆದ ಹೊಸತರಲ್ಲಿ, ಈ ದನಿ ಇನ್ನೂ ತಯಾರಾಗಿರದ ತಿಂಗಳುಗಳಲ್ಲಿ, ಅವನು ಗೋಡೆಗೆ ಮುಖ ಮಾಡಿ ಮಲಗಿದವನು ಏಳುತ್ತಲೇ ಇರಲಿಲ್ಲ. ಅದನ್ನು ನಾನು ಇನ್ನೊಮ್ಮೆ ನೋಡಲಾರೆ. ಅವನ ದನಿ ಸಿಗದಿದ್ದರೆ ನನ್ನ ಗಂಡ ಮತ್ತೆ ಆ ಗೋಡೆಯ ಕಡೆ ತಿರುಗುತ್ತಾನೆ, ತಿರುಗಿಸಿದ ಕೈ ನನ್ನದಾಗುತ್ತದೆ. ನನಗೆ ನಿಜವಾಗಿಯೂ ಭಯವಾಗಿತ್ತು.

ಹುಡುಕಿದೆ. ಹೊಸ ಸಿಸ್ಟಂ ಬರುವಾಗ ಹಳೆಯದರ ಗಂಟುಮೂಟೆಯನ್ನು ಪೂರ್ತಿ ಎಸೆಯುವುದಿಲ್ಲ, ಕೆಲವು ದಿನ ಒಂದು ಮೂಲೆಗೆ ತಳ್ಳಿಡುತ್ತದೆ. ಅದರೊಳಗೆ ಅದರೊಳಗೆ ಇನ್ನೂ ಅದರೊಳಗೆ ಹೋದರೆ "ಆರ್ವಿಡ್" ಎಂಬ ಫೋಲ್ಡರ್ ಸಿಕ್ಕಿತು. ಅದನ್ನು ಇರಬೇಕಾದ ಜಾಗಕ್ಕೆ ತಂದೆ. ಕಂಪ್ಯೂಟರನ್ನು ಆರಿಸಿ ಮತ್ತೆ ಶುರು ಮಾಡಿದೆ. ಅಷ್ಟರಲ್ಲಿ ಕಿಟಕಿಯ ಆಚೆ ರೂಬೆನ್ನೂ ನಮ್ಮ ಚರ್ಚಿನ ಪಾದ್ರಿ ಮಾಟ್ಸನ್ನರೂ ಟವೆಲ್ ಹೆಗಲಿಗೆ ಹಾಕಿಕೊಂಡು ಹಿಮದಲ್ಲಿ ಸೌನಾದ ಕಡೆ ಹೋಗುವುದು ಕಂಡಿತು. ಅವರಿಗೇನು, ಪುಣ್ಯವಂತರು.

ದನಿಗಳ ಪಟ್ಟಿಯಲ್ಲಿ ಆರ್ವಿಡ್‌ನ ಹೆಸರು ಬಂದಿತ್ತು. ಆರಿಸಿದೆ. ಅವನು ಟೈಪ್ ಮಾಡಿದ: ಒಂದು, ಎರಡು, ಮೂರು, ಕೇಳಿಸ್ತಾ?

ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಹಳದಿಯಾದವು, ಮಾತಾಡುವಾಗ ಆಗುವ ಹಾಗೆಯೇ. ಸದ್ದು ಮಾತ್ರ ಇಲ್ಲ. ದನಿ ಹೆಚ್ಚಿಸಿದೆ. ಇಲ್ಲ. ಕಿವಿ ಒತ್ತಿ ಆಲಿಸಿದೆ. ಫ್ರಿಜ್ಜಿನ ಗುಂಯ್ ಬಿಟ್ಟರೆ ಏನೂ ಇಲ್ಲ.

ಯಾರಿಗೂ ಕೇಳಿಸುವುದಿಲ್ಲ ಎಂದಾದ ಮೇಲೆ ಆರ್ವಿಡ್‌ನ ಬಾಯಿಗೆ, ಅಂದರೆ ಬೆರಳಿಗೆ, ಲಗಾಮೇ ಇಲ್ಲವಾಯಿತು. ಪರೀಕ್ಷೆಯ ನೆಪದಲ್ಲಿ ಟೈಪ್ ಮಾಡಿದ: "ರೂಬೆನ್ ಅನ್ನೋ ಹೆಗ್ಗಣ ನನ್ನ ಬಿಯರೆಲ್ಲಾ ಖಾಲಿ ಮಾಡ್ತಿರ್ತಾನೆ." ಆಮೇಲೆ: "ಪಾದ್ರಿ ಮಾಟ್ಸನ್ನರ ಉಪದೇಶ ಕೇಳಿದ್ರೆ ಕೋಳಿ ಮೊಟ್ಟೆ ಇಡೋದು ನಿಲ್ಲಿಸ್ತವೆ." ನನ್ನನ್ನು ನಗಿಸಲು ಮಾಡಿದ್ದು ಅದು. ಅರ್ಧ ನಕ್ಕೆ ಕೂಡ. ಆಮೇಲೆ ಆ ನಗುವೇ ಅಳುವಾಯಿತು.

"ಫೋಲ್ಡರ್ ಕೆಟ್ಟೋಗಿದೆ ಆರ್ವಿಡ್. ಒಳಗೇನೂ ಉಳಿದಿಲ್ಲ. ಹೆಸರು ಮಾತ್ರ ಇದೆ. ನಾನೇ ಹಾಳು ಮಾಡಿದೆ."

ಅವನು ಮತ್ತೆ ಕೀಲಿಗಳನ್ನು ಕುಟ್ಟತೊಡಗಿದ.

"ಸಾಕು ನಿಲ್ಸು! ಸತ್ತ ಕುದುರೆಗೆ ಎಷ್ಟು ಚಾಟಿ ಬೀಸ್ತೀಯ!" ಎಂದು ಕಿರುಚಿದೆ. ಸಿಂಕಿನ ಕಡೆ ತಿರುಗಿ ನಿಂತು, ಪಾತ್ರೆ ಒರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಬೆನ್ನ ಹಿಂದೆ ಅವನು ನಿಧಾನವಾಗಿ ಏನನ್ನೋ ಬರೆದು ಮುಗಿಸಿ ಕೊನೆಯ ಕೀಲಿ ಒತ್ತಿದ್ದು ಕೇಳಿಸಿತು. ಪರದೆಯ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಆಗ ಹಿತ್ತಲ ಬಾಗಿಲು ಧಡಾರನೆ ತೆರೆಯಿತು. ಸೊಂಟಕ್ಕೆ ಟವೆಲ್ ಸುತ್ತಿಕೊಂಡ ರೂಬೆನ್, ಅವನ ಹಿಂದೆ ಅದೇ ವೇಷದ ಪಾದ್ರಿ ಮಾಟ್ಸನ್. ಇಬ್ಬರ ಮೈಯಿಂದಲೂ ಹಬೆ ಏಳುತ್ತಿತ್ತು, ಬರಿಗಾಲಲ್ಲಿ ಹಿಮ ಅಂಟಿತ್ತು.

"ಅಕ್ಕಾ, ಭಾವ ನನ್ನ ಹೆಗ್ಗಣ ಅಂತಾ ಇದಾರೆ!" ಎಂದ ರೂಬೆನ್.

"ಹೆಗ್ಗಣಾನ ಇನ್ನೇನಂತಾರೆ?" ಎಂದೆ ಮೂಗು ಒರೆಸಿಕೊಳ್ಳುತ್ತ. ಮರುಕ್ಷಣ ಬಟ್ಟೆ ಕೈಯಿಂದ ಜಾರಿತು. "ತಡಿ, ನಿಂಗೆ ಹೆಂಗೆ ಗೊತ್ತು?"

"ಸೌನಾದಲ್ಲಿ ಕೇಳಿಸ್ತು! ಬಟ್ಟೆ ಬಿಚ್ಚೋ ಕೋಣೇಲಿ ಭಾವಂದು ಸ್ಪೀಕರ್ ಇಲ್ವಾ, ವೈರ್ ಇಲ್ದೆ ಇರೋದು? ಪೋಲ್ಕಾ ಹಾಡು ಹಾಕ್ತಾರೇನೋ ಅಂತ ಅದನ್ನ ಆನ್ ಮಾಡಿಟ್ಟೆ. ಬೆಂಚಿನ ಮೇಲೆ ಕೂತು ಒಲೆ ಮೇಲಿನ ಕಾದ ಕಲ್ಲಿಗೆ ನೀರು ಹಾಕಿದ್ನೋ ಇಲ್ವೋ, ಭಾವ ಒಂದು ಎರಡು ಮೂರು ಎಣಿಸೋಕೆ ಶುರು ಮಾಡಿದ್ರು."

"ಸೌನಾದಲ್ಲಿ ಚರ್ಚಿನಲ್ಲಿದ್ದ ಹಾಗೆ ಇರ್ಬೇಕು, ಕೆಟ್ಟ ಮಾತು ಕೂಡದು ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ರು," ಎಂದರು ಪಾದ್ರಿ ಗಂಭೀರವಾಗಿ. "ಅಲ್ಲೇ ಕೂತು ನನ್ನ ಉಪದೇಶಕ್ಕೂ ಕೋಳಿ ಮೊಟ್ಟೆಗೂ ಏನು ಸಂಬಂಧ ಅನ್ನೋದನ್ನ ಕೇಳಿಸ್ಕೋಬೇಕಾಯ್ತು ಸೆಲ್ಮಾ."

ಆರ್ವಿಡ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜಗಳು ಕುಲುಕುತ್ತಿದ್ದವು.

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಎಡವಟ್ಟು ಮಾಡಿದ್ದು ಹೊಸ ಸಿಸ್ಟಂ. ಸುತ್ತಮುತ್ತ ಯಾವ ಸ್ಪೀಕರ್ ಎಚ್ಚರವಾದರೂ ಅದಕ್ಕೇ ಹೋಗಿ ಅಂಟಿಕೊಳ್ಳುವ ಬುದ್ಧಿ ಇದರದು. ದನಿ ಕೆಟ್ಟಿರಲಿಲ್ಲ, ಸತ್ತಿರಲಿಲ್ಲ. ಹಿಮ ದಾಟಿ ಸೌನಾಗೆ ಹೋಗಿ ಕೂತಿತ್ತು, ಅಷ್ಟೇ. ಹೋದ ಜೀವ ಬಂದಂತಾಗಿ ನಾನು ಕುರ್ಚಿಯ ಮೇಲೆ ಕುಸಿದು ಗೊಳ್ಳೆಂದು ನಕ್ಕೆ. ಅಷ್ಟು ಹಗುರ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

"ನಗ್ಬೇಡ ಅಕ್ಕಾ," ಎಂದ ರೂಬೆನ್. ಅವನ ದನಿ ತಗ್ಗಿತ್ತು. "ಆಮೇಲೆ ಇನ್ನೊಂದು ಮಾತು ಬಂತು. ಅದು ನಮಗೆ ಹೇಳಿದ್ದಲ್ಲ."

"ಅದಕ್ಕೇ ಓಡಿ ಬಂದ್ವಿ," ಎಂದರು ಪಾದ್ರಿ. "ಇನ್ನೂ ಕೂತು ಕೇಳೋದು ಸರಿ ಕಾಣಲಿಲ್ಲ."

"ಏನು ಹೇಳಿದ?"

"ಅವ್ರ ಬಾಯಲ್ಲೇ ಕೇಳು," ಎಂದು ರೂಬೆನ್ ನೆಲ ನೋಡಿದ.

ಸದ್ದು ಎಲ್ಲಿಂದ ಹೊರಡಬೇಕೆಂಬ ಪಟ್ಟಿ ತೆರೆದು, ಸೌನಾದ ಸ್ಪೀಕರನ್ನು ಕಿತ್ತುಹಾಕಿ, ಕಂಪ್ಯೂಟರಿನದನ್ನು ಆರಿಸಿದೆ. ಆರ್ವಿಡ್ ನಾಚಿಕೊಂಡು ಮುಚ್ಚಳ ಮುಚ್ಚಲು ಕೈ ಚಾಚಿದ. ಆ ಕೈಗೊಂದು ಏಟು ಕೊಟ್ಟು, ಕೊನೆಯ ಮಾತನ್ನು ಮತ್ತೆ ಆಡಿಸುವ ಗುಂಡಿ ಒತ್ತಿದೆ.

ನನ್ನ ಗಂಡನ ದನಿ ಅಡುಗೆಮನೆಯ ತುಂಬ ಬಂತು, ಅದೇ ಎಳೆತ, ಅದೇ ಒರಟು.

"ಅಳ್ಬೇಡ ಕಣೆ. ದನಿ ಹೋದ್ರೆ ಹೋಯ್ತು. ಆ ಹುಡುಗಿ ದನೀಲೇ ನಿನ್ನ ಕರೀತೀನಿ. ಅವಳು ಸಾನಾ ಅಂದ್ರೂ ಅನ್ಲಿ. ಸೆಲ್ಮಾ ಅಂದಾಗ ನೀನು ಓ ಅಂದ್ರೆ ನಂಗೆ ಸಾಕು, ಏ."

ಮೂಗನಾಗಿ ಸಾಯುತ್ತೇನೆ ಎಂದು ಅದೇ ಮಧ್ಯಾಹ್ನ ಬರೆದಿದ್ದ ಮನುಷ್ಯ ಇವನು. ರೂಬೆನ್‌ನ ಕಾಲಿನ ಹಿಮ ಕರಗಿ ನನ್ನ ನೆಲದ ಮೇಲೆ ಹರಿಯುತ್ತಿತ್ತು, ಅದಕ್ಕೂ ನಾನು ಬೈಯಲಿಲ್ಲ.

ಆರ್ವಿಡ್ ನನ್ನ ಮುಖ ನೋಡುತ್ತ, ಪರದೆ ನೋಡದೆಯೇ, ಟೈಪ್ ಮಾಡಿದ.

"ಸೆಲ್ಮಾ," ಎಂದಿತು ಅವನ ದನಿ.

"ಓ," ಎಂದೆ.

"ಸೆಲ್ಮಾ."

"ಓ, ಇಲ್ಲೇ ಇದೀನಿ ಕಣೋ."

ಗಂಡಸರಿಬ್ಬರನ್ನೂ ಮತ್ತೆ ಸೌನಾಗೆ ಅಟ್ಟಿ ಬಾಗಿಲು ಹಾಕಿಕೊಂಡೆ. ಅವನು ಕರೆಯುತ್ತಲೇ ಇದ್ದ, ನಾನು ಓಗೊಡುತ್ತಲೇ ಇದ್ದೆ.