ಪೌಡರ್ ಹಾಕಿದ ಬೈತಲೆ

ಬಾಚಣಿಗೆಯ ಚೂಪು ಹಿಡಿ ನೆತ್ತಿಯ ಮೇಲೆ ಗೆರೆ ಎಳೆಯುತ್ತಾ ಹೋಗುತ್ತಿದೆ, ತಣ್ಣಗೆ, ಸ್ಲೇಟಿನ ಮೇಲೆ ಬಳಪ ಆಡಿಸಿದ ಹಾಗೆ, ಅಲುಗಬೇಡಿ ಅಮ್ಮಾ ಅನ್ನುತ್ತಾಳೆ ತಲೆ ಪರೀಕ್ಷೆ ಮಾಡುವ ಹುಡುಗಿ, ಎಲ್ಲಿ ಅಲುಗಲಿ ತಾಯಿ, ಗದ್ದ ನಿನ್ನ ಕಬ್ಬಿಣದ ಬಟ್ಟಲಿನೊಳಗೆ ಕೂತಿದೆ, ಹಣೆಗೆ ಪಟ್ಟಿ ಬಿಗಿದಿದ್ದೀಯ, ಫೋಟೊ ತೆಗೆಯುವ ತನಕ ಕಣ್ಣೊಂದೇ ನನ್ನ ಸ್ವಂತದ್ದು — ಆ ಕಣ್ಣಿಗೆ ಎದುರಿನ ಕನ್ನಡಿಯಲ್ಲಿ ಪಕ್ಕದ ಕುರ್ಚಿ ಕಾಣುತ್ತದೆ, ಅದರಲ್ಲಿ ನನ್ನ ತಂಗಿ, ಕೈ ಮಡಿಲಲ್ಲಿಟ್ಟುಕೊಂಡು, ಬಹುಮಾನಕ್ಕೆ ಕಾದು ಕೂತ ಹಾಗೆ ಕೂತಿದ್ದಾಳೆ. ಬರುವ ಮೊದಲು ಮೂರು ದಿನ ತಲೆಗೆ ನೀರು ಮುಟ್ಟಿಸಬಾರದು ಅಂದಿದ್ದರು, ಮುಟ್ಟಿಸಿಲ್ಲ, ನನ್ನ ತಲೆಯ ಕಮಟು ನನಗೇ ಹೊಡೆಯುತ್ತಿದೆ, ಅದರ ನಡುವೆ ಎಲ್ಲಿಂದಲೋ ಘಮ್ಮೆಂದು ಪೌಡರಿನ ವಾಸನೆ, ಈ ಕೊಳಕು ತಲೆಗಳ ಕೋಣೆಗೆ ಯಾವ ಪುಣ್ಯಾತ್ಗಿತ್ತಿ ಸಿಂಗಾರ ಮಾಡಿಕೊಂಡು ಬಂದಳೋ. ನೆತ್ತಿಗೆ ಹಚ್ಚುವ ಹೊಸ ದ್ರಾವಣವಂತೆ, ಹೊಟ್ಟನ್ನೂ ಕಳೆಯುತ್ತದೆ, ಕೂದಲನ್ನೂ ತರಿಸುತ್ತದೆ, ಅಂಗಡಿಗೆ ಹೋಗುವ ಮೊದಲು ನಮ್ಮಂಥವರ ತಲೆ ಮೇಲೆ ಹಚ್ಚಿ ನೋಡುತ್ತಾರೆ, ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಔಷಧಿ ಇಲ್ಲದ ಬರೀ ನೀರು, ಯಾರದ್ದು ಯಾವುದೆಂದು ನಮಗೂ ಗೊತ್ತಿಲ್ಲ ಅಂದರು ಡಾಕ್ಟರಮ್ಮ. ನನಗೆ ಗೊತ್ತು. ನನ್ನ ಬಾಟಲಿ ಖಾಲಿಯಾಯಿತು, ಹೊಟ್ಟು ಹೋಗಲಿಲ್ಲ, ಕೆರೆತ ಹೋಗಲಿಲ್ಲ, ತಂಗಿಯ ಬೋಳು ನೆತ್ತಿಯಲ್ಲಿ ಮಾತ್ರ ಕೂದಲು ಬಂತು — ಅಕ್ಕಾ ಮುಟ್ಟಿ ನೋಡೇ, ಇಲ್ಲಿ, ಬೈತಲೆ ಪಕ್ಕದಲ್ಲಿ, ಹೆದರಬೇಡ ಉದುರಲ್ಲ ಅಂತ ನನ್ನ ಬೆರಳು ಹಿಡಿದು ತಾನೇ ಇಟ್ಟುಕೊಂಡಳು, ಮೆತ್ತಗಿತ್ತು, ಹುಟ್ಟಿದ ಕೂಸಿನ ತಲೆ ಮೇಲಿರುತ್ತದಲ್ಲ ಅಂಥ ಎಳೆ ಕೂದಲು, ಅಷ್ಟು ವಯಸ್ಸಾದ ಹೆಂಗಸು ಅಡುಗೆಮನೆಯಲ್ಲಿ ಕುಣಿದಾಡಿದಳು.

ಕುಣಿಯದೆ ಇನ್ನೇನು, ಆ ಗಂಡನ ಜೊತೆ ಬದುಕುವವಳು, ಇಸ್ತ್ರಿ ಸಾಹೇಬ ಅಂತ ನಾನಿಟ್ಟ ಹೆಸರು, ಪ್ಯಾಂಟಿನ ಗೆರೆ ಮುರಿಯುತ್ತದೆಂದು ಕೂರುವುದೇ ಇಲ್ಲ ಆಸಾಮಿ, ಮನೆಯವರೆಲ್ಲ ಸ್ಟುಡಿಯೋಗೆ ಹೋಗಿ ಫೋಟೊಗೆ ನಿಂತಾಗ, ನೀನು ಹಿಂದಿನ ಸಾಲಿಗೆ ಹೋಗೇ, ನಿನ್ನ ತಲೆಗೆ ಲೈಟ್ ಬಿದ್ದು ನಮ್ಮ ಮುಖಕ್ಕೆ ಹೊಡೀತಿದೆ ಅಂದ ಇವಳಿಗೆ, ಎಲ್ಲರೂ ನಕ್ಕರು, ಇವಳೂ ನಕ್ಕಳು, ನನ್ನ ಮೈಯೆಲ್ಲ ಉರಿದುಹೋಯಿತು, ನಿನ್ನ ಹೊಟ್ಟೆ ಮುಂದಿನ ಸಾಲಲ್ಲಿ ಹಿಡಿಸೋದಾದ್ರೆ ಅವಳ ತಲೆ ಯಾಕಯ್ಯ ಹಿಡಿಸಲ್ಲ ಅಂದೆ, ಅವತ್ತಿನಿಂದ ನನ್ನ ಜೊತೆ ಮಾತಿಲ್ಲ, ಪೀಡೆ ತೊಲಗಿತು. ಆದರೆ ಹಿಂದಿನ ಸಾಲಿಗೆ ಹೋದವಳು ಅಲ್ಲೇ ಉಳಿದುಬಿಟ್ಟಳು, ಮದುವೆಗಿಲ್ಲ, ಮುಂಜಿಗಿಲ್ಲ, ಸೆರಗು ತಲೆಯಿಂದ ಇಳಿಯಲಿಲ್ಲ. ಮೊನ್ನೆ ಅದು ಜಾರಿದಾಗ ನೋಡಿದೆ, ಎಳೆ ಕೂದಲಿನ ಬುಡದಲ್ಲಿ ಚರ್ಮ ಸುಲಿದು ಕೆಂಪಗೆ, ಜಿನುಗುತ್ತಾ, ಏನೇ ಇದು ಅಂದರೆ ನನ್ನ ಬಾಯಿ ಮುಚ್ಚಿದಳು, ಯಾರಿಗೂ ಹೇಳ್ಬೇಡ ಅಕ್ಕಾ, ಹೇಳಿದ್ರೆ ಬಾಟ್ಲಿ ಕಿತ್ಕೋತಾರೆ, ಉರಿಯಲ್ವೇನೇ, ಉರಿಯುತ್ತೆ, ಉರಿದ್ರೆ ಉರೀಲಿ, ಸೊಂಟದ ತನಕ ಜಡೆ ಇರೋಳು ನೀನು, ನಿನಗೇನು ಗೊತ್ತಾಗುತ್ತೆ.

ಹುಡುಗಿ ನನ್ನನ್ನು ಪಟ್ಟಿಯಲ್ಲೇ ಬಿಟ್ಟು ತಂಗಿಯ ಕುರ್ಚಿಗೆ ಹೋದಳು, ದೀಪ ಎಳೆದುಕೊಂಡಳು, ಭೂತಗನ್ನಡಿ ಹಿಡಿದಳು, ಈಗ ಗಾಯ ಕಾಣುತ್ತದೆ, ಈಗ ಕೂಗುತ್ತಾಳೆ — ಮೇಡಂ, ಇವರ ಹೊಟ್ಟು ಕಡಿಮೆನೇ ಆಗಿಲ್ಲ, ಹೋದ ಸಲಕ್ಕಿಂತ ಜಾಸ್ತಿ, ಬೈತಲೆ ತುಂಬಾ ಬಿಳೀ ಪುಡಿ. ಡಾಕ್ಟರಮ್ಮ ಮೇಜಿನಿಂದಲೇ, ಉರಿ ಇದೆಯಾಮ್ಮಾ, ಇಲ್ಲ ಮೇಡಂ ಹಾಯಾಗಿದೆ, ಹಾಗಾದ್ರೆ ಇವತ್ತಿನಿಂದ ಬೆಳಗ್ಗೆನೂ ಹಚ್ಚಲಿ, ಎರಡು ಹೊತ್ತು. ಅಯ್ಯೋ ಮುಂಡೇದೆ, ಪೌಡರ್ ವಾಸನೆ ನಿನ್ನದೇ, ಹಸಿ ಗಾಯದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಸುರಿದುಕೊಂಡು ಬಂದಿದ್ದೀಯ, ಕೆಂಪು ಮುಚ್ಚಲು ಹೋದೆ, ಅದನ್ನವರು ಹೊಟ್ಟು ಅಂದುಕೊಂಡರು, ಹೊಟ್ಟಿಗೆ ಇನ್ನಷ್ಟು ಔಷಧಿ, ಔಷಧಿಗೆ ಇನ್ನಷ್ಟು ಗಾಯ, ಗಾಯಕ್ಕೆ ಇನ್ನಷ್ಟು ಪೌಡರು — ಕನ್ನಡಿಯಲ್ಲಿ ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು, ನಾನು ಬಾಯಿ ಬಿಟ್ಟರೆ ಅವಳು ಮತ್ತೆ ಹಿಂದಿನ ಸಾಲಿಗೆ, ಮುಚ್ಚಿಕೊಂಡರೆ ಎರಡು ಹೊತ್ತು ಆ ಬೆಂಕಿನೀರು, ಹುಡುಗಿ ಆಗಲೇ ಹೊಸ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಳೆ. ಹಣೆಯ ಪಟ್ಟಿ ಕಿತ್ತೆ, ಅಲುಗಬೇಡಿ ಅಂದಳು, ನಿನ್ನ ಅಲುಗಾಟ ಒಲೆಗೆ ಹಾಕು, ಅದು ಹೊಟ್ಟಲ್ಲ ಕಣಮ್ಮಾ, ಪೌಡರು, ಒದ್ದೆ ಹತ್ತಿ ತಗೊಂಡು ಒರೆಸಿ ನೋಡು ಮೊದಲು. ಒರೆಸಿದಳು. ಹತ್ತಿ ಕೆಂಪಾಯಿತು. ಡಾಕ್ಟರಮ್ಮ ಎದ್ದು ಬಂದರು, ನಿಲ್ಲಿಸಿ, ಇವರಿಗೆ ಇವತ್ತಿಗೇ ನಿಲ್ಲಿಸಿ, ಬಾಟಲಿ ಹಿಂದಕ್ಕೆ ತಗೊಳ್ಳಿ, ತಂಗಿ ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ, ನನ್ನ ಕಡೆ ತಿರುಗಿ ಮೆಲ್ಲಗೆ, ನಿನ್ನ ಬಾಟ್ಲೀಲಿ ಬರೀ ನೀರು ಇತ್ತಲ್ಲ, ಅದಕ್ಕೇ ಅಲ್ವಾ ಅಕ್ಕಾ, ಹೊಟ್ಟೆಕಿಚ್ಚು ಅಲ್ವಾ. ಕೆನ್ನೆಗೆ ಬಾರಿಸಬೇಕು, ಕೈ ಏಳಲಿಲ್ಲ, ಅಲ್ಲ ಕಣೇ ಅನ್ನಬೇಕು, ನಾಲಿಗೆ ಏಳಲಿಲ್ಲ, ಯಾಕೆ ಏಳಲಿಲ್ಲ, ಅವತ್ತು ಅಡುಗೆಮನೆಯಲ್ಲಿ ಬೆರಳಿಗೆ ಆ ಮೆತ್ತನೆಯದು ತಾಗಿದಾಗ ನನ್ನೊಳಗೆ ಏನೋ ಚುರುಕ್ ಅಂದಿತ್ತಾ, ಅಂದಿರಲಿಲ್ಲವಾ, ಅಂದಿದ್ದರೂ ಗಾಯ ಗಾಯವೇ ಅಲ್ಲವಾ, ದೀಪ ಆರಿಸಿ ಯಾರಾದರೂ, ದೀಪದಡಿ ಅವಳ ನೆತ್ತಿ, ಪೌಡರ್ ಹೋಗಿ ಕೆಂಪಗೆ ಒದ್ದೆಯಾದ ಚರ್ಮ, ಅದರ ಮೇಲೆ ಎಳೆ ಕೂದಲು, ನೆಟ್ಟಗೆ ನಿಂತ ಎಳೆ ಕೂದಲು, ಕೆಂಪಿನ ಮೇಲೆ ಎಳೆ ಕೂದಲು —